ಎರ್ಲಡ್ಡು ತೋರಿಸಿ ಡಾಲರ್ ಎಣಿಸುವ ಮೊದಲು ಸಿರುಗುಪ್ಪದ ರೈತನ ಲೆಕ್ಕ ನೋಡಿ

ಬಳ್ಳಾರಿಯಲ್ಲಿ ಪ್ರವಾಸೋದ್ಯಮದ ಮಾತು ಶುರುವಾಗೋದೇ ಒಂದು ಕೊರಗಿನಿಂದ. 2021ರಲ್ಲಿ ಜಿಲ್ಲೆ ಒಡೆದಾಗ ಹಂಪಿ ವಿಜಯನಗರದ ಪಾಲಾಯ್ತು, 2024ರಲ್ಲಿ ರಾಮ್ಸರ್ ಪಟ್ಟ ಪಡೆದ ಅಂಕಸಮುದ್ರದ ಪಕ್ಷಿಧಾಮವೂ ಆ ಕಡೆಯೇ ಇದೆ. ನಮಗೆ ಉಳಿದದ್ದೇನು? ಗಣಿ ಧೂಳು, ಜೀನ್ಸ್, ಬಿಸಿಲು.

ಆದರೆ ಜಗತ್ತಿನ ಪಕ್ಷಿವೀಕ್ಷಕರು ವಿಮಾನ ಹತ್ತಿ ಬರಬಹುದಾದ ಒಂದು ಹಕ್ಕಿ ನಮ್ಮಲ್ಲಿದೆ: ಎರ್ಲಡ್ಡು, ಅಂದರೆ ಗ್ರೇಟ್ ಇಂಡಿಯನ್ ಬಸ್ಟರ್ಡ್. ಕರ್ನಾಟಕದಲ್ಲಿ ಇದರ ಕೊನೆಯ ನೆಲೆ ಸಿರುಗುಪ್ಪ ತಾಲ್ಲೂಕಿನ ಎರೆ ಹೊಲಗಳು. ಹಾಗಾದರೆ ಇದನ್ನೇ ತೋರಿಸಿ ವಿದೇಶಿಯರನ್ನು ಕರೆಯೋಣವೇ?

ಬೇಡ. ನಾನು ಪ್ರವಾಸೋದ್ಯಮದ ವಿರೋಧಿಯಲ್ಲ. ಇಂಜಿನಿಯರಿಂಗ್ ಓದಿದವನಾಗಿ ಲೆಕ್ಕ ಹಾಕಿಯೇ ಹೇಳುತ್ತಿದ್ದೇನೆ.

ದೇಶದಲ್ಲಿ ಉಳಿದಿರುವ ಎರ್ಲಡ್ಡುಗಳು 150ಕ್ಕಿಂತ ಕಡಿಮೆ ಎಂಬ ಅಂದಾಜಿದೆ. ಬಹುಪಾಲು ರಾಜಸ್ಥಾನದಲ್ಲಿವೆ. ಸಿರುಗುಪ್ಪದಲ್ಲಿರುವುದು ಬೆರಳೆಣಿಕೆಯಷ್ಟು. ಸಾಮಾನ್ಯವಾಗಿ ವರ್ಷಕ್ಕೆ ಒಂದೇ ಮೊಟ್ಟೆ, ಅದೂ ಬರಿ ನೆಲದ ಮೇಲೆ. ಫೋಟೋದ ಆಸೆಗೆ ಜೀಪು ಹತ್ತಿರ ಹೋದರೆ ತಾಯಿ ಎದ್ದು ಹೋಗುತ್ತೆ. ಆಮೇಲೆ ಆ ಮೊಟ್ಟೆ ನಾಯಿಗೋ ಕಾಗೆಗೋ ಸೇರುತ್ತೆ, ಒಂದು ವರ್ಷದ ಲೆಕ್ಕ ಅಲ್ಲಿಗೆ ಮುಗೀತು. ಇಷ್ಟು ಸಣ್ಣ ಬಂಡವಾಳದ ಮೇಲೆ ಯಾವ ವ್ಯಾಪಾರವೂ ನಿಲ್ಲಲ್ಲ.

ಹಾರುವಾಗಲೂ ಅಪಾಯ ತಪ್ಪಿದ್ದಲ್ಲ. ಹದಿನೈದು ಕೆ.ಜಿ.ವರೆಗೂ ತೂಗುವ ಈ ಹಕ್ಕಿಗೆ ಎದುರಿನ ದೃಷ್ಟಿ ಮಂದ. ತಂತಿ ಕಂಡ ಕ್ಷಣದಲ್ಲಿ ತಿರುಗಲು ಮೈಭಾರ ಬಿಡಲ್ಲ. ಅದಕ್ಕೇ 2021ರಲ್ಲಿ ಸುಪ್ರೀಂ ಕೋರ್ಟ್ ರಾಜಸ್ಥಾನ, ಗುಜರಾತಿನ ನೆಲೆಗಳಲ್ಲಿ ವಿದ್ಯುತ್ ತಂತಿಗಳನ್ನು ನೆಲದಡಿಗೆ ಹಾಕಲು ಹೇಳಿತು. 2024ರಲ್ಲಿ ಸೋಲಾರ್ ಅಗತ್ಯವನ್ನೂ ಪರಿಗಣಿಸಿ ಆ ಆದೇಶ ಸಡಿಲಿಸಿ, ತಜ್ಞರ ಸಮಿತಿಗೆ ಒಪ್ಪಿಸಿತು. ಅಲ್ಲಿನ ಗುದ್ದಾಟ ನಮಗೂ ಪಾಠ. ಹುಲ್ಲುಗಾವಲನ್ನು 'ಪಾಳುಭೂಮಿ' ಅಂತ ಬರೆದಿಡುವ ದಾಖಲೆಯಲ್ಲಿ ಹಕ್ಕಿಗೆ ಜಾಗವೇ ಇರಲ್ಲ.

ಇನ್ನು ರೈತ. ತುಂಗಭದ್ರಾ ಕಾಲುವೆ ನೀರು ಬಂದ ಕಡೆ ಸಿರುಗುಪ್ಪ ಭತ್ತದ ನಾಡಾಯ್ತು. ಎರ್ಲಡ್ಡುಗೆ ಬೇಕಿರುವುದು ಜೋಳ, ಕಡಲೆ ಬೆಳೆಯುವ ಮಳೆಯಾಶ್ರಿತ ಹೊಲ ಮತ್ತು ಹುಲ್ಲು. ಅಂದರೆ ಹಕ್ಕಿ ಉಳಿಯಬೇಕಾದರೆ ಯಾರೋ ಒಬ್ಬ ರೈತ ಕಡಿಮೆ ಲಾಭದ ಬೆಳೆಯನ್ನೇ ಮುಂದುವರಿಸಬೇಕು. "ಹಕ್ಕಿ ಐತಂತ ನಮ್ ಹೊಲಕ್ಕ ಬೇಲಿ ಹಾಕ್ತೀರೇನ್ರೀ?" ಅಂತ ಅವನು ಕೇಳಿದರೆ ಅದು ಅಜ್ಞಾನವಲ್ಲ. ಮಹಾರಾಷ್ಟ್ರದಲ್ಲಿ 1979ರಲ್ಲಿ ಇದೇ ಹಕ್ಕಿಗಾಗಿ ಸುಮಾರು 8,500 ಚದರ ಕಿ.ಮೀ. ಅಭಯಾರಣ್ಯ ಘೋಷಿಸಿದರು. ಹೆಚ್ಚುಕಡಿಮೆ ನಮ್ಮ ಅವಿಭಜಿತ ಬಳ್ಳಾರಿ ಜಿಲ್ಲೆಯಷ್ಟು! ಊರು, ಹೊಲ ಎಲ್ಲ ಒಳಗೆ ಸೇರಿದವು. ಜನರ ಸಿಟ್ಟು ಏರಿತು, ಕೊನೆಗೆ ಗಡಿ ಕುಗ್ಗಿಸಬೇಕಾಯ್ತು. ಮಧ್ಯಪ್ರದೇಶದ ಕರೇರಾದಲ್ಲಂತೂ 1981ರಲ್ಲಿ ಅಭಯಾರಣ್ಯ ಬಂತು, ಮುಂದಿನ ದಶಕದಲ್ಲಿ ಹಕ್ಕಿಯೇ ಮಾಯವಾಯ್ತು, ನಿರ್ಬಂಧಗಳು ಮಾತ್ರ ಉಳಿದವು.

ಹಾಗಾದರೆ ದಾರಿ? ಅಪರೂಪದ ಹಕ್ಕಿಯನ್ನು ಬಚ್ಚಿಟ್ಟು, ಉಳಿದ ಹಕ್ಕಿಗಳನ್ನು ತೋರಿಸಿ. ಕರ್ನಾಟಕಕ್ಕೆ ಬರುವ ವಿದೇಶಿ ಪಕ್ಷಿವೀಕ್ಷಕರು ಹೆಚ್ಚಾಗಿ ದಾಂಡೇಲಿ, ಕಬಿನಿ ಕಡೆಯೇ ಹೋಗ್ತಾರೆ. ಒಣನಾಡಿನ ಹಕ್ಕಿಗಳ ಕತೆ ಅವರಿಗೆ ನಾವು ಹೇಳಿಯೇ ಇಲ್ಲ. ದರೋಜಿ, ಹಂಪಿಯ ಬಂಡೆಗಳಲ್ಲಿ ಹಳದಿ ಕತ್ತಿನ ಪಿಕಳಾರವಿದೆ. ದಕ್ಷಿಣ ಭಾರತ ಬಿಟ್ಟರೆ ಜಗತ್ತಿನಲ್ಲಿ ಎಲ್ಲೂ ಇಲ್ಲ. ಅಂಕಸಮುದ್ರದಲ್ಲಿ ನೀರುಹಕ್ಕಿಗಳ ದಂಡೇ ಇದೆ. ಕುರುಗೋಡಿನ ಬಂಡೆಗುಡ್ಡ, ದೊಡ್ಡಬಸವೇಶ್ವರ ದೇವಸ್ಥಾನದ ನೆರಳಲ್ಲಿ ವಸತಿ, ಬೆಳಗ್ಗೆ ಒಗ್ಗರಣಿ ಮಂಡಕ್ಕಿ, ಮಿರ್ಚಿ. ಎರಡು ಜಿಲ್ಲೆ ಸೇರಿ ಒಂದೇ ಮಾರ್ಗ ಮಾಡಲು ಏನಡ್ಡಿ?

ದುಡ್ಡು ಮೊದಲು ಯಾರ ಕೈಗೆ ಹೋಗುತ್ತೆ ಅನ್ನೋದೇ ಇಲ್ಲಿ ಅಸಲಿ ರಾಜಕೀಯ. ಒಡಿಶಾದ ಮಂಗಲಜೋಡಿಯಲ್ಲಿ ಒಂದು ಕಾಲದ ಬೇಟೆಗಾರರೇ ಈಗ ಗೈಡುಗಳು. ಅರುಣಾಚಲದಲ್ಲಿ 2006ರಲ್ಲಿ ವಿಜ್ಞಾನಕ್ಕೆ ಹೊಸದಾಗಿ ಪರಿಚಯವಾದ ಹಕ್ಕಿಗೆ ಬುಗುನ್ ಸಮುದಾಯದ ಹೆಸರಿಟ್ಟರು. 2017ರಲ್ಲಿ ಆ ಸಮುದಾಯವೇ ತನ್ನ ಕಾಡನ್ನು ಮೀಸಲಾಗಿಸಿತು. ಎರಡೂ ಕಡೆ ಊರಿನವರು ಕಾವಲುಗಾರರಷ್ಟೇ ಅಲ್ಲ, ಪಾಲುದಾರರು.

ಬಳ್ಳಾರಿಗೆ ಜಿಲ್ಲಾ ಖನಿಜ ನಿಧಿ ಇದೆ. ಕಾನೂನಿನ ಚೌಕಟ್ಟಿನಲ್ಲಿ ಅದರಿಂದಾಗಲಿ, ರಾಜ್ಯ ಬಜೆಟ್‌ನಿಂದಾಗಲಿ ಮೂರು ಕೆಲಸ ಆಗಲಿ. ಜೋಳ, ಕಡಲೆ ಬಿಡದ ಎರೆ ಹೊಲದ ರೈತನಿಗೆ ಎಕರೆಗಿಷ್ಟು ಅಂತ ಪ್ರೋತ್ಸಾಹಧನ. ಹಕ್ಕಿ ಓಡಾಡುವ ಕಡೆ ತಂತಿಗಳಿಗೆ ಎಚ್ಚರಿಕೆ ಫಲಕ, ಸಾಧ್ಯವಿದ್ದಲ್ಲಿ ನೆಲದಡಿ ಕೇಬಲ್. ಸಿರುಗುಪ್ಪ, ಕುರುಗೋಡಿನ ಯುವಕ ಯುವತಿಯರಿಗೆ ಗೈಡ್ ತರಬೇತಿ, ಜೊತೆಗೆ ಎರ್ಲಡ್ಡು ಇರುವ ಜಾಗ ಯಾರಿಗೂ ಹೇಳಬಾರದೆಂಬ ಕಟ್ಟುನಿಟ್ಟಿನ ನಿಯಮ.

ಎಷ್ಟು ವಿದೇಶಿಯರು ಬಂದರು ಅನ್ನೋದು ಇಲಾಖೆಯ ವರದಿಗೆ ಸಿಗುವ ಸಂಖ್ಯೆ. ಈ ವರ್ಷ ಎಷ್ಟು ಮರಿ ಬದುಕಿದವು, ಎಷ್ಟು ರೈತರು ಜೋಳ ಬಿತ್ತಿದರು? ನಾವು ಕೇಳಬೇಕಾದ್ದು ಈ ಎರಡು ಸಂಖ್ಯೆ. ಮುಂದಿನ ಸಲ ಓಟು ಕೇಳಲು ಬಂದವರನ್ನು ಇದನ್ನೇ ಕೇಳಿ ನೋಡಿ.