ಹಸಿರು ಹೈಡ್ರೋಜನ್‌ನ ಪ್ಲಾಟಿನಂ ಲೆಕ್ಕ

ಫ್ಯೂಯೆಲ್ ಸೆಲ್ ಬಸ್ಸಿನ ಹೊಗೆ ಕೊಳವೆಯಿಂದ ಬರೋದು ಬರೀ ನೀರು ಅಂತ ಮಂತ್ರಿಗಳು ಹೇಳಿದರೆ ಅದು ಸುಳ್ಳಲ್ಲ. ನನ್ನ ತಕರಾರು ಕೊಳವೆಯ ಬಗ್ಗೆ ಅಲ್ಲ, ಎಲೆಕ್ಟ್ರೋಡ್ ಬಗ್ಗೆ.

ಸೆಲ್‌ನ ಒಂದು ಬದಿಯಲ್ಲಿ ಹೈಡ್ರೋಜನ್ ಸುಲಭವಾಗಿ ಒಡೆಯುತ್ತೆ. ಇನ್ನೊಂದು ಬದಿಯಲ್ಲಿ ಆಮ್ಲಜನಕ ನೀರಾಗಬೇಕಲ್ಲ, ಆ ಕ್ರಿಯೆ ಮಹಾ ನಿಧಾನ. ಅದನ್ನು ದೂಡೋಕೆ ವಾಹನಗಳಲ್ಲಿ ಇವತ್ತಿಗೂ ಪ್ಲಾಟಿನಂ ಕ್ಯಾಟಲಿಸ್ಟೇ ಬೇಕು. ಗಣಿಗಳಿಂದ ಬರುವ ಪ್ಲಾಟಿನಂನಲ್ಲಿ ಸುಮಾರು 70% ದಕ್ಷಿಣ ಆಫ್ರಿಕಾದ್ದು. ಅಲ್ಲಿನ ಮಾರಿಕಾನಾ ಪ್ಲಾಟಿನಂ ಗಣಿಯಲ್ಲಿ ಕೂಲಿ ಹೆಚ್ಚಿಸಿ ಅಂತ ಮುಷ್ಕರ ಹೂಡಿದ್ದ 34 ಕಾರ್ಮಿಕರನ್ನು 2012ರ ಆಗಸ್ಟ್ 16ರಂದು ಪೊಲೀಸರು ಗುಂಡಿಕ್ಕಿ ಕೊಂದರು. ಸ್ವಚ್ಛ ಇಂಧನದ ಲೆಕ್ಕಕ್ಕೆ ಇದೂ ಸೇರಬೇಕು.

ಪರ್ಯಾಯ ಇದೆ. ಕಬ್ಬಿಣ, ಸಾರಜನಕ, ಇಂಗಾಲದ ಕ್ಯಾಟಲಿಸ್ಟ್ ಅಗ್ಗ. ಆದರೆ ಸೆಲ್‌ನ ಆಮ್ಲೀಯ ವಾತಾವರಣದಲ್ಲಿ ಬೇಗ ಹಾಳಾಗುತ್ತೆ. ಕ್ಷಾರೀಯ ಪೊರೆ ಹಾಕಿದರೆ ನಿಕ್ಕೆಲ್, ಬೆಳ್ಳಿಯೂ ನಡೆಯುತ್ತವೆ. ಆಗ ಪೊರೆಯ ಬಾಳಿಕೆಯೇ ತಲೆನೋವು. ಲ್ಯಾಬಿನಲ್ಲಿ ವರ್ಷಗಟ್ಟಲೆ ಸೋತು ಸೋತು ಗೆಲ್ಲಬೇಕಾದ ಕೆಲಸ ಇದು. ಅದಕ್ಕೆ ದುಡ್ಡು?

2023ರ ಜನವರಿಯಲ್ಲಿ ಕೇಂದ್ರ ಸಂಪುಟ ಒಪ್ಪಿದ ರಾಷ್ಟ್ರೀಯ ಹಸಿರು ಹೈಡ್ರೋಜನ್ ಮಿಷನ್‌ನ ಮೊತ್ತ 19,744 ಕೋಟಿ ರೂಪಾಯಿ. ಇದರಲ್ಲಿ 17,490 ಕೋಟಿ ಹೈಡ್ರೋಜನ್ ಉತ್ಪಾದನೆಗೆ, ಎಲೆಕ್ಟ್ರೋಲೈಸರ್ ತಯಾರಿಕೆಗೆ ಕೊಡುವ ಪ್ರೋತ್ಸಾಹಧನ. ಸಂಶೋಧನೆಗೆ 400 ಕೋಟಿ. ನೂರಕ್ಕೆ ಎರಡು ರೂಪಾಯಿ! ಅದೂ ಬರೀ ಕ್ಯಾಟಲಿಸ್ಟ್‌ಗಲ್ಲ, ಎಲ್ಲದಕ್ಕೂ ಸೇರಿಸಿ.

ಮೊದಲು ಮಾರುಕಟ್ಟೆ ಬೆಳೆಯಲಿ, ಸಂಶೋಧನೆ ಹಿಂದೆಯೇ ಬರುತ್ತೆ ಅನ್ನೋರಿದ್ದಾರೆ. ಸೋಲಾರ್‌ನಲ್ಲೂ ಇದನ್ನೇ ಕೇಳಿದ್ದೆವು. ಪ್ಯಾನೆಲ್ ನಮ್ಮ ಚಾವಣಿ ಏರಿತು, ಒಳಗಿನ ಸೆಲ್ ಬಹುಪಾಲು ಚೀನಾದಿಂದಲೇ ಬಂತು. ತೈಲ ಆಮದು ಇಳಿಸ್ತೀವಿ ಅನ್ನುವ ಸರ್ಕಾರ, ಪ್ಲಾಟಿನಂ ಆಮದು ಎಷ್ಟು ಏರುತ್ತೆ ಅನ್ನೋದನ್ನೂ ಸಂಸತ್ತಿನ ಮುಂದಿಡಲಿ.