ಫೀಡ್ ಮೂಟೆ ಕಂಪನಿದು, ಎಫ್‌ಸಿಆರ್ ಮಾತ್ರ ರೈತಂದಾ?

(1/3)
ಫ್ರೆಂಡ್ಸ್, ಈ ಸಲ ಸ್ವಲ್ಪ ಉದ್ದ ಇದೆ. ಭಾನುವಾರ ಚಿಕನ್ ತಿನ್ನೋರು, ಮನೇಲಿ ಶೆಡ್ ಇರೋರು ಇಬ್ರೂ ಓದಿ.

ಬ್ರಾಯ್ಲರ್ ಕೋಳಿ ಸಾಕೋ ಖರ್ಚಲ್ಲಿ ಸುಮಾರು 60ರಿಂದ 70 ಪರ್ಸೆಂಟ್ ಫೀಡ್‌ಗೇ ಹೋಗುತ್ತೆ. ಆ ಫೀಡ್‌ನಲ್ಲಿ ಅರ್ಧಕ್ಕಿಂತ ಜಾಸ್ತಿ ಮೆಕ್ಕೆಜೋಳ, ಕಾಲು ಭಾಗದಷ್ಟೋ ಅದಕ್ಕಿಂತ ಸ್ವಲ್ಪ ಹೆಚ್ಚೋ ಸೋಯಾ ಹಿಂಡಿ. ಮೆಕ್ಕೆಜೋಳಕ್ಕೆ ಪಕ್ಕದ ದಾವಣಗೆರೆ ಇದೆ. ಸೋಯಾ ಮಾತ್ರ ಬೀದರ್, ಧಾರವಾಡ ಕಡೆಯಿಂದ, ಇಲ್ಲಾ ಮಹಾರಾಷ್ಟ್ರ, ಮಧ್ಯಪ್ರದೇಶದಿಂದ ಬರಬೇಕು. 2021ರಲ್ಲಿ ಸೋಯಾ ಹಿಂಡಿ ರೇಟ್ ಎಷ್ಟು ಏರಿತು ಅಂದ್ರೆ, ಆಗಸ್ಟ್‌ನಲ್ಲಿ ಕೇಂದ್ರ ಸರ್ಕಾರ 12 ಲಕ್ಷ ಟನ್ ಕುಲಾಂತರಿ ಸೋಯಾ ಹಿಂಡಿ ಆಮದಿಗೆ ಒಪ್ಪಿಗೆ ಕೊಡಬೇಕಾಯ್ತು.

ಆವಾಗಿಂದ ಎಲ್ಲರಿಗೂ ಬೇರೆ ಪ್ರೋಟೀನ್ ಬೇಕು. ನಮ್ ಕಡೆ ಮೊದಲು ಬರೋ ಪ್ರಶ್ನೆ ಇದು: ಇಷ್ಟು ತೆಂಗು ಇದೆಯಲ್ಲ, ಕೊಬ್ಬರಿ ಹಿಂಡಿ ಹಾಕಿದ್ರೆ ಆಗಲ್ವಾ?

(2/3)
ಆಗುತ್ತೆ, ಆದ್ರೆ ಸ್ವಲ್ಪವೇ. ಕೆಜಿ ರೇಟ್ ನೋಡಿ ತೀರ್ಮಾನ ಮಾಡಬೇಡಿ. ಕೋಳಿ ಮೈ ಕಟ್ಟೋಕೆ ಬೇಕಾಗಿರೋದು ಲೈಸಿನ್ ಅನ್ನೋ ಅಮೈನೋ ಆಮ್ಲ. ಒಂದು ಕೆಜಿ ಸೋಯಾ ಹಿಂಡಿಯಲ್ಲಿ ಅದು ಹತ್ತಿರ ಹತ್ತಿರ 28 ಗ್ರಾಂ ಇದ್ರೆ, ಕೊಬ್ಬರಿ ಹಿಂಡಿಯಲ್ಲಿ 5-6 ಗ್ರಾಂ. ರೇಟ್ ಅರ್ಧ ಇದ್ರೂ ಸಿಗೋದು ಐದನೇ ಒಂದು ಭಾಗ. ನಾವು ಕಾಸ್ಟ್ ಅಕೌಂಟಿಂಗ್‌ನಲ್ಲಿ ಮಾಡೋ ಕಾಸ್ಟ್ ಪರ್ ಯೂನಿಟ್ ಇದೇ ಅಲ್ವಾ? ಜೊತೆಗೆ ನಾರು ಜಾಸ್ತಿ. ಅಜ್ಜಂಪುರದ ಅಮೃತ ಮಹಲ್ ಹಸುಗೆ ನಾಲ್ಕು ಕೋಣೆಯ ಹೊಟ್ಟೆ ಇದೆ, ಅರಗಿಸಿಕೊಳ್ಳುತ್ತೆ. ನಲವತ್ತು ದಿನದ ಕೋಳಿಗೆ ಅದೆಲ್ಲಿಂದ ಬರಬೇಕು! ಅದಕ್ಕೇ ನಾರು ಒಡೆಯೋ ಎಂಜೈಮ್, ಪುಡಿ ರೂಪದ ಲೈಸಿನ್ ಬೇರೆ ಸೇರಿಸಬೇಕು.

ಶೇಂಗಾ ಹಿಂಡಿಯಲ್ಲಿ ಪ್ರೋಟೀನ್ ಚೆನ್ನಾಗಿದೆ, ಆದ್ರೆ ತೇವ ತಗುಲಿದ್ರೆ ಬೂಷ್ಟು, ಬೂಷ್ಟಿನಿಂದ ಅಫ್ಲಾಟಾಕ್ಸಿನ್ ವಿಷ. ಈಗ ಜೋರಾಗಿ ಬರ್ತಿರೋದು ಡಿಡಿಜಿಎಸ್, ಅಂದ್ರೆ ಎಥನಾಲ್ ಫ್ಯಾಕ್ಟರಿಯಲ್ಲಿ ಅಕ್ಕಿ, ಜೋಳ ಹುಳಿ ಬರಿಸಿದ ಮೇಲೆ ಉಳಿಯೋ ಒಣ ಚರಟ. ಅಕ್ಕಿದ್ರಲ್ಲಿ ಪ್ರೋಟೀನ್ ಸುಮಾರು 45 ಪರ್ಸೆಂಟ್, ಜೋಳದ್ರಲ್ಲಿ 30ರ ಹತ್ತಿರ. ಆದ್ರೆ ಪಿಷ್ಟ ಹೋಗಿ ಕಾಳಿನ ಮೂರನೇ ಒಂದು ಭಾಗ ಅಷ್ಟೇ ಉಳಿಯೋದ್ರಿಂದ, ಕಾಳಲ್ಲಿದ್ದ ಬೂಷ್ಟಿನ ವಿಷವೂ ಮೂರು ಪಟ್ಟು ಗಟ್ಟಿಯಾಗುತ್ತೆ. (ತಮಾಷೆ ಏನಂದ್ರೆ ಇದೇ ಎಥನಾಲ್‌ಗೋಸ್ಕರ 2024ರಲ್ಲಿ ಮೆಕ್ಕೆಜೋಳ ರೇಟೂ ಏರಿತ್ತು.)

ನಾನು ಇದಕ್ಕೆಲ್ಲ ವಿರೋಧಿ ಅಲ್ಲ. 2019ರಲ್ಲಿ ಕೊಲಿಸ್ಟಿನ್ ಆಂಟಿಬಯೋಟಿಕ್ ಬ್ಯಾನ್ ಆದಾಗ್ಲೂ ಕೋಳಿ ಸಾಕೋದು ನಿಲ್ಲಲಿಲ್ಲ. ಪ್ರೋಬಯೋಟಿಕ್, ಸಾವಯವ ಆಮ್ಲ, ಬೆಳ್ಳುಳ್ಳಿ-ಅರಿಶಿನದ ಪುಡಿ ಅಂತ ದಾರಿ ಹುಡುಕ್ತಾನೇ ಇದ್ದಾರೆ. ಹುಡುಕಲಿ. ನನ್ನ ತಕರಾರು ಬೇರೆ.

(3/3)
ಕಾಂಟ್ರಾಕ್ಟ್ ಸಾಕಣೆಯಲ್ಲಿ ಮರಿ, ಫೀಡ್, ಔಷಧಿ ಕಂಪನಿದು. ಶೆಡ್, ಕರೆಂಟು, ನೀರು, ಮೈಮುರಿಯೋ ಕೆಲಸ ರೈತಂದು. ಕೊನೆಗೆ ಕೆಜಿಗಿಷ್ಟು ಅಂತ ಸಾಕಣೆ ಕೂಲಿ. ಆ ಕೂಲಿ ಹೆಚ್ಚು ಕಮ್ಮಿ ಆಗೋದು ಬಹುತೇಕ ಎಫ್‌ಸಿಆರ್ ಮೇಲೆ, ಅಂದ್ರೆ ಒಂದು ಕೆಜಿ ಕೋಳಿಗೆ ಎಷ್ಟು ಕೆಜಿ ಫೀಡ್ ಹೋಯ್ತು ಅನ್ನೋದರ ಮೇಲೆ.

ಸುಮ್ನೆ ಲೆಕ್ಕ ಹಾಕಿ. 5,000 ಕೋಳಿ, ತಲಾ 2.2 ಕೆಜಿ, ಒಟ್ಟು 11,000 ಕೆಜಿ. ಎಫ್‌ಸಿಆರ್ 1.6 ಇದ್ರೆ ಫೀಡ್ 17,600 ಕೆಜಿ. ಅದೇ 1.7 ಆದ್ರೆ 18,700. ಪಾಯಿಂಟ್ ಒಂದರ ವ್ಯತ್ಯಾಸಕ್ಕೆ 1,100 ಕೆಜಿ! ಫೀಡ್ ಕೆಜಿಗೆ 40 ರೂಪಾಯಿ ಅಂತ ಇಟ್ಕೊಂಡ್ರೂ 44,000 ರೂಪಾಯಿ.

ಈಗ ಕಂಪನಿ ಸೋಯಾ ಕಮ್ಮಿ ಮಾಡಿ ಡಿಡಿಜಿಎಸ್ ಜಾಸ್ತಿ ಮಾಡ್ತು ಅನ್ಕೊಳ್ಳಿ. ಅಗ್ಗದ ಮಿಶ್ರಣ ಯಾವುದು ಅಂತ ಅವರ ಕಂಪ್ಯೂಟರ್ ಲೀನಿಯರ್ ಪ್ರೋಗ್ರಾಮಿಂಗ್‌ನಲ್ಲಿ ತೆಗೆಯುತ್ತೆ. ಉಳಿತಾಯ ಕಂಪನಿಗೆ. ಮಿಶ್ರಣ ಕೈಕೊಟ್ಟು ಕೋಳಿ ತೂಕ ಬರದಿದ್ರೆ ಎಫ್‌ಸಿಆರ್ ಕಟಿಂಗ್ ರೈತನಿಗೆ. ಮ್ಯಾನೇಜ್‌ಮೆಂಟ್ ಅಕೌಂಟಿಂಗ್‌ನಲ್ಲಿ ನಮಗೆ ಏನ್ ಹೇಳ್ಕೊಡ್ತಾರೆ? ಯಾರ ಕೈಲಿ ಕಂಟ್ರೋಲ್ ಇಲ್ವೋ ಅವರನ್ನ ಆ ಖರ್ಚಿಗೆ ಹೊಣೆ ಮಾಡಬಾರದು ಅಂತ. ಪರೀಕ್ಷೆಗೆ ಬರೀತೀವಿ, ಊರಲ್ಲಿ ಉಲ್ಟಾ ನಡೆಯುತ್ತೆ.

ಕಂಪನಿಯವರು ಹೇಳೋದ್ರಲ್ಲೂ ಅರ್ಥ ಇದೆ. ಗಾಳಿ ಆಡದ ಶೆಡ್, ಒದ್ದೆ ಹೊಟ್ಟು, ಚೆಲ್ಲಿದ ಫೀಡ್ ಇದ್ರೂ ಎಫ್‌ಸಿಆರ್ ಕೆಡುತ್ತೆ. ಸರಿ, ಹಾಗಿದ್ರೆ ಅದೇ ವಾರ ಅದೇ ಬ್ಯಾಚ್ ಫೀಡ್ ತಿಂದ ಬೇರೆ ಶೆಡ್‌ಗಳ ಜೊತೆ ಹೋಲಿಸಿ ಕೂಲಿ ಕೊಡಲಿ. ಎಲ್ಲಾ ಶೆಡ್ಡಲ್ಲೂ ಕೆಟ್ಟಿದ್ರೆ ತಪ್ಪು ಮೂಟೆದು. ಮೂಟೆ ಮೇಲೆ ಬರೀ ಪ್ರೋಟೀನ್ ಪರ್ಸೆಂಟ್ ಸಾಲದು, ಯಾವ ಹಿಂಡಿಯ ಪ್ರೋಟೀನ್, ಲೈಸಿನ್ ಎಷ್ಟು, ಬ್ಯಾಚ್ ನಂಬರ್ ಯಾವುದು ಅಂತ ಕನ್ನಡದಲ್ಲೇ ಇರಲಿ. ಫಾರ್ಮುಲಾ ಬದಲಾದ ಬ್ಯಾಚ್‌ಗೆ ಕಟಿಂಗ್ ಬೇಡ.

ಮನೇಲಿ ಶೆಡ್ ಇದ್ರೆ ಇವತ್ತೇ ಎರಡು ಕೆಲಸ ಮಾಡಿ: ಖಾಲಿ ಮೂಟೆಯ ಲೇಬಲ್ ಫೋಟೋ ತೆಗೆದಿಡಿ, ಪ್ರತಿ ಬ್ಯಾಚಿನಿಂದ ಅರ್ಧ ಕೆಜಿ ಫೀಡ್ ಒಣ ಡಬ್ಬಿಯಲ್ಲಿ ತಾರೀಖು ಬರೆದು ಎತ್ತಿಡಿ. ಸೆಟಲ್‌ಮೆಂಟ್ ದಿನ ಅಪ್ಪನ ಜೊತೆ ನೀವೂ ಹೋಗಿ ಕೂತ್ಕೊಳ್ಳಿ, ಕ್ಯಾಲ್ಕ್ಯುಲೇಟರ್ ಹಿಡ್ಕೊಂಡು.

#ಕಡೂರು #ತರೀಕೆರೆ #ಅಜ್ಜಂಪುರ #ಕೋಳಿಸಾಕಣೆ #ಬಿಕಾಂಲೆಕ್ಕ