ಹೆಸರು ಯಾರದು, ಸಂಬಳ ಯಾವಾಗ?

ಕಳೆದ ತಿಂಗಳು ಅನಿಮೇಷನ್ ಕೋರ್ಸ್ ನಡೆಸುವ ಒಂದು ಸಂಸ್ಥೆಯವರು ನಮ್ಮ ಕಾಲೇಜಿಗೆ ಬಂದಿದ್ದು ನಿಮಗೆಲ್ಲ ನೆನಪಿರಬಹುದು. ಕಲಾ, ವಾಣಿಜ್ಯ, ವಿಜ್ಞಾನ ಮೂರೂ ವಿಭಾಗದವರನ್ನು ಒಟ್ಟಿಗೆ ಕೂರಿಸಿ, ಪರದೆಯ ಮೇಲೆ ಹುಲಿ, ಕರಡಿ, ಸಿಂಹಗಳನ್ನು ತೋರಿಸಿದರು. "ಇವುಗಳಿಗೆ ಜೀವ ಕೊಟ್ಟವರಲ್ಲಿ ನಮ್ಮ ಬೆಂಗಳೂರಿನ ಹುಡುಗ ಹುಡುಗಿಯರೂ ಇದ್ದಾರೆ" ಎಂದರು. ನಾವೆಲ್ಲ ಚಪ್ಪಾಳೆ ತಟ್ಟಿದೆವು. ನಾನೂ ತಟ್ಟಿದೆ. ಆಮೇಲೆ ಫೀಸಿನ ಮಾತು ಬಂತು. ನೂರಕ್ಕೆ ನೂರು ಕೆಲಸ ಗ್ಯಾರಂಟಿ ಎಂಬ ಮಾತೂ ಬಂತು.

ನನ್ನ ಬೆಂಚಿನ ಗೆಳತಿ ಚಿತ್ರ ಚೆನ್ನಾಗಿ ಬಿಡಿಸುತ್ತಾಳೆ. ಲೆಕ್ಕಶಾಸ್ತ್ರದ ನೋಟ್‌ಬುಕ್ಕಿನ ಕೊನೆಯ ಹಾಳೆಗಳೆಲ್ಲ ಅವಳ ಬೆಕ್ಕು, ಆಡು, ಆಟೋಗಳಿಂದಲೇ ತುಂಬಿವೆ. ಪರೀಕ್ಷೆ ಮುಗಿದ ಮೇಲೆ ಆ ಕೋರ್ಸಿಗೆ ಸೇರಬೇಕೆಂದು ಅವಳು ಹಟ ಹಿಡಿದಿದ್ದಾಳೆ. ಅವಳ ಅಮ್ಮಿ ಕೈಬಳೆ ಒತ್ತೆ ಇಟ್ಟಾದರೂ ಫೀಸು ಕಟ್ಟುತ್ತೇನೆ ಎಂದಿದ್ದಾರೆ. ಅವಳಂಥವರು ನಮ್ಮಲ್ಲಿ ಇನ್ನೂ ಕೆಲವರಿದ್ದಾರೆ. ಅದಕ್ಕಾಗಿಯೇ ಈ ಲೇಖನ ಬರೆಯುತ್ತಿದ್ದೇನೆ.

ಅಂದು ಸಂಜೆ ಮನೆಗೆ ಹೋಗಿ ಹುಲಿಯ ಸುದ್ದಿಯನ್ನೆಲ್ಲ ಅಬ್ಬಾಗೆ ಹೇಳಿದೆ. ನಮ್ಮ ಅಬ್ಬಾ ಮೋಮಿನಪುರದಲ್ಲಿ ಟೇಲರ್. ಅಂಗಿಗೆ ಇಷ್ಟು, ಪ್ಯಾಂಟಿಗೆ ಇಷ್ಟು ಎಂದು ನಗದ ಲೆಕ್ಕದಲ್ಲಿ ದೊಡ್ಡ ಅಂಗಡಿಗಳಿಗೆ ಹೊಲಿದುಕೊಡುತ್ತಾರೆ. ಎಲ್ಲ ಕೇಳಿಸಿಕೊಂಡು ಅವರು ಎರಡೇ ಪ್ರಶ್ನೆ ಕೇಳಿದರು. ಆ ಹುಲಿಯ ಮೇಲೆ ಯಾರ ಹೆಸರು ಇರುತ್ತದೆ? ಮಾಡಿದವರಿಗೆ ದುಡ್ಡು ಯಾವಾಗ ಕೊಡುತ್ತಾರೆ? ಅವರು ಹೊಲಿದ ಅಂಗಿಯ ಕಾಲರಿಗೆ ಅಂಗಡಿಯವರ ಲೇಬಲ್ ಬೀಳುತ್ತದೆ. "ಕಾಮ್ ಹಮಾರಾ, ನಾಮ್ ಉನ್ಕಾ" ಎಂದು ನಕ್ಕರು. ಎರಡು ಪ್ರಶ್ನೆಗೂ ನನ್ನ ಹತ್ತಿರ ಉತ್ತರ ಇರಲಿಲ್ಲ. ಹುಡುಕಿ ಓದಿದ ಮೇಲೆ, ಯಾವುದೇ ಅನಿಮೇಷನ್ ಸ್ಟುಡಿಯೋವನ್ನು ಅಳೆಯಲು ಮೊದಲು ಕೇಳಬೇಕಾದ ಪ್ರಶ್ನೆಗಳು ಇವೇ ಎಂದು ನನಗೆ ಅನ್ನಿಸಿದೆ.

ಸ್ಟುಡಿಯೋಗಳಲ್ಲಿ ಮುಖ್ಯವಾಗಿ ಎರಡು ಬಗೆ. ಒಂದು, ಬೇರೆಯವರ ಸಿನಿಮಾಕ್ಕೆ ಕೂಲಿಯಂತೆ ಕೆಲಸ ಮಾಡಿಕೊಡುವುದು. ಇನ್ನೊಂದು, ತನ್ನದೇ ಪಾತ್ರ ಸೃಷ್ಟಿಸಿ ಅದರ ಹಕ್ಕು ಇಟ್ಟುಕೊಳ್ಳುವುದು. ಬೆಂಗಳೂರು ಹೆಸರು ಮಾಡಿದ್ದು ಹೆಚ್ಚಾಗಿ ಮೊದಲನೆಯದರಲ್ಲಿ. ಅಮೆರಿಕದ ಡ್ರೀಮ್‌ವರ್ಕ್ಸ್ ಕಂಪನಿಗಾಗಿಯೇ ಕೆಲಸ ಮಾಡುವ ಒಂದು ತಂಡ ಬೆಂಗಳೂರಿನಲ್ಲಿತ್ತು. 2011ರ 'ಪುಸ್ ಇನ್ ಬೂಟ್ಸ್' ಚಿತ್ರದಲ್ಲಿ ಆ ತಂಡದ ಪಾಲು ದೊಡ್ಡದು. ಆ ತಂಡ ಇದ್ದದ್ದು ಟೆಕ್ನಿಕಲರ್ ಎಂಬ ಫ್ರೆಂಚ್ ಸಮೂಹದ ಬೆಂಗಳೂರು ಸ್ಟುಡಿಯೋದಲ್ಲಿ. ಅದೇ ಸಮೂಹದ ಎಂಪಿಸಿ ಕಂಪನಿ 2016ರ 'ದಿ ಜಂಗಲ್ ಬುಕ್' ಮತ್ತು 2019ರ '1917' ಚಿತ್ರಗಳಿಗೆ ವಿಷುವಲ್ ಎಫೆಕ್ಟ್ಸ್ ಮಾಡಿತು. ಎರಡಕ್ಕೂ ಆಸ್ಕರ್ ಬಂತು. 2024ರ ಡಿಸೆಂಬರಿನಲ್ಲಿ ತೆರೆಕಂಡ 'ಮುಫಾಸಾ'ದ ಸಿಂಹಗಳೂ ಎಂಪಿಸಿಯ ಕೆಲಸವೇ.

ಸಿಂಹ ತೆರೆಗೆ ಬಂದು ಎರಡು ತಿಂಗಳಾಗಿತ್ತು. 2025ರ ಫೆಬ್ರವರಿಯಲ್ಲಿ ಟೆಕ್ನಿಕಲರ್ ಸಮೂಹವೇ ಕುಸಿಯಿತು. ಬೆಂಗಳೂರು ಮತ್ತು ಮುಂಬೈ ಕಚೇರಿಗಳಲ್ಲಿ ಸುಮಾರು 3,000 ಜನರ ಕೆಲಸ ಹೋಯಿತು ಎಂದು ಪತ್ರಿಕೆಗಳಲ್ಲಿ ಬಂತು. ಅವರಿಗೆ ಕೆಲಸ ಬರುತ್ತಿರಲಿಲ್ಲ ಎಂದಲ್ಲ. ಹೆಸರು, ಹಕ್ಕು, ಖಜಾನೆ ಎಲ್ಲವೂ ಬೇರೆ ದೇಶದಲ್ಲಿತ್ತು. ಅಲ್ಲಿ ಬಾಗಿಲು ಹಾಕಿದರೆ ಇಲ್ಲಿಯೂ ಬಾಗಿಲು ಹಾಕಿದಂತೆಯೇ.

ಇದು ಒಂದೇ ಕಂಪನಿಯ ಕಥೆಯಲ್ಲ. ಅಮೆರಿಕದ ರಿದಮ್ ಅಂಡ್ ಹ್ಯೂಸ್ ಎಂಬ ಸ್ಟುಡಿಯೋಗೆ ಹೈದರಾಬಾದಿನಲ್ಲೂ ಮುಂಬೈಯಲ್ಲೂ ಶಾಖೆಗಳಿದ್ದವು. 'ಲೈಫ್ ಆಫ್ ಪೈ' ಸಿನಿಮಾದ ಹುಲಿಯನ್ನು ಮಾಡಿದವರು ಅವರೇ. 2013ರ ಫೆಬ್ರವರಿಯಲ್ಲಿ ಅದು ದಿವಾಳಿ ಅರ್ಜಿ ಹಾಕಿತು. ಅದೇ ತಿಂಗಳ ಕೊನೆಯಲ್ಲಿ ಅದೇ ಹುಲಿಗೆ ಆಸ್ಕರ್ ಬಂತು. ಜಗತ್ತಿನಲ್ಲೇ ಒಳ್ಳೆಯ ಕೆಲಸ ಮಾಡಿದ ಕಂಪನಿ ನಷ್ಟದಲ್ಲಿ ಮುಳುಗುವುದು ಹೇಗೆ? ವಾಣಿಜ್ಯ ವಿದ್ಯಾರ್ಥಿಯಾಗಿ ನನ್ನನ್ನು ಹೆಚ್ಚು ಕಾಡಿದ ಪ್ರಶ್ನೆ ಇದು.

ಉತ್ತರ ಅವರ ಪೈಪೋಟಿಯ ರೀತಿಯಲ್ಲಿದೆ. ಸಿನಿಮಾ ಕಂಪನಿ ಹಲವು ಸ್ಟುಡಿಯೋಗಳನ್ನು ಕರೆದು, ಇಷ್ಟು ದೃಶ್ಯಕ್ಕೆ ಎಷ್ಟು ಎಂದು ಕೇಳುತ್ತದೆ. ಎಲ್ಲರೂ ಒಟ್ಟು ಮೊತ್ತ ಹೇಳುತ್ತಾರೆ. ಕೆಲಸ ಸಿಗಬೇಕೆಂದರೆ ರೇಟು ಇಳಿಸಲೇಬೇಕು. ಕೆನಡಾ, ಇಂಗ್ಲೆಂಡುಗಳ ಸರ್ಕಾರಗಳು ತೆರಿಗೆ ರಿಯಾಯಿತಿ ಕೊಟ್ಟು ಆ ಕೆಲಸವನ್ನು ತಮ್ಮ ಕಡೆ ಎಳೆಯುತ್ತವೆ. ನಮ್ಮ ದೇಶದವರು ಕಡಿಮೆ ಸಂಬಳದ ಬಲದಿಂದ ಎಳೆಯುತ್ತಾರೆ. ಒಪ್ಪಂದವಾದ ಮೇಲೆ ನಿರ್ದೇಶಕರು ಮತ್ತೆ ಮತ್ತೆ ಬದಲಾವಣೆ ಕೇಳಬಹುದು. ಆದರೆ ಮೊತ್ತ ಸುಲಭಕ್ಕೆ ಬದಲಾಗುವುದಿಲ್ಲ, ಬಿಡುಗಡೆಯ ದಿನಾಂಕವೂ ಬದಲಾಗುವುದಿಲ್ಲ. ಆಗ ಉಳಿಯುವುದು ಒಂದೇ ದಾರಿ: ನೌಕರರ ರಾತ್ರಿಗಳು. ಇಂದು ಕಡಿಮೆ ರೇಟಿಗೆ ಗೆದ್ದ ಟೆಂಡರೇ ನಾಳೆ ಕಂಪ್ಯೂಟರ್ ಮುಂದೆ ಕೂತವರ ನಿದ್ದೆಗೇಡು. ಸ್ಟುಡಿಯೋ ಮಾರುಕಟ್ಟೆಯಲ್ಲಿ ಹೇಗೆ ಸ್ಪರ್ಧಿಸುತ್ತದೆ ಎಂಬುದನ್ನು ನೋಡದೆ, ಅದು ಮಾಲೀಕನಾಗಿ ಹೇಗಿರುತ್ತದೆ ಎಂದು ಹೇಳಲಾಗದು. ಎರಡೂ ಒಂದೇ ಲೆಕ್ಕಪುಸ್ತಕದ ಎರಡು ಬದಿಗಳು.

ಈ ನಿದ್ದೆಗೇಡನ್ನು ನಾನು ಮನೆಯಲ್ಲೇ ನೋಡಿದ್ದೇನೆ. ನನ್ನ ಖಾಲಾ ಅವರ ಮಗ ಬೆಂಗಳೂರಿನ ಒಂದು ಸ್ಟುಡಿಯೋದಲ್ಲಿದ್ದರು. ಮೂರು ತಿಂಗಳಿಗೊಮ್ಮೆ ಒಪ್ಪಂದ. ಮುಂದಿನ ಒಪ್ಪಂದ ಆಗುತ್ತದೋ ಇಲ್ಲವೋ ಎಂಬುದು ಕೊನೆಯ ವಾರದವರೆಗೂ ತಿಳಿಯುತ್ತಿರಲಿಲ್ಲ. ಒಂದು ಈದ್‌ಗೆ ರಜೆ ಸಿಕ್ಕಿತು, ಆದರೆ ಸಂಬಳ ಬಂದಿರಲಿಲ್ಲ. ರೈಲಿನಲ್ಲಿ ಬಂದು, ಖಾಲಾ ಹತ್ತಿರವೇ ದುಡ್ಡು ಇಸಿದುಕೊಂಡು ತಂಗಿಗೆ ಬಟ್ಟೆ ಕೊಡಿಸಿದರು. ಕೂಲಿಯವನ ಕೂಲಿಯನ್ನು ತಡಮಾಡಬಾರದು ಎಂಬ ಹದೀಸ್ ನಾವೆಲ್ಲ ಚಿಕ್ಕಂದಿನಿಂದ ಕೇಳಿದ್ದೇವೆ. ಅದನ್ನು ಕಟ್ಟಡದ ಕೂಲಿಯವರಿಗೆ ಮಾತ್ರ ಎಂದುಕೊಂಡಿದ್ದೆವು. ಏಸಿ ರೂಮಿನಲ್ಲಿ ಕೂತವರಿಗೂ ಅದು ಅನ್ವಯಿಸುತ್ತದೆ ಎಂದು ನನಗೆ ತಿಳಿದದ್ದು ಆ ಈದ್‌ನಲ್ಲಿ.

ಈಗ ಎರಡನೇ ಬಗೆಯ ಸ್ಟುಡಿಯೋ ನೋಡೋಣ. ಇದಕ್ಕೆ ಬೆಂಗಳೂರಿಗೆ ಹೋಗಬೇಕಿಲ್ಲ, ನಮಗೆ ಹತ್ತಿರವಾದ ಹೈದರಾಬಾದ್ ಸಾಕು. ರಾಜೀವ್ ಚಿಲಕ ಅವರು 2001ರಲ್ಲಿ ಅಲ್ಲಿ ಗ್ರೀನ್ ಗೋಲ್ಡ್ ಸ್ಟುಡಿಯೋ ಆರಂಭಿಸಿದರು. 2008ರಲ್ಲಿ ಅವರ 'ಛೋಟಾ ಭೀಮ್' ಟಿವಿಗೆ ಬಂದ. ನಾವು ಬೆಳೆದದ್ದೇ ಅವನ ಲಡ್ಡು ನೋಡಿಕೊಂಡು. ಭೀಮ್ ಚಿತ್ರವಿರುವ ಸ್ಕೂಲ್ ಬ್ಯಾಗು, ನೀರಿನ ಬಾಟಲಿ ನಮ್ಮ ಮನೆಯಲ್ಲೂ ಇದ್ದವು. 2019ರಲ್ಲಿ ಮಾತೇ ಇಲ್ಲದ ಪುಟ್ಟ ಭೀಮ್ ನೆಟ್‌ಫ್ಲಿಕ್ಸ್ ಮೂಲಕ ಹೊರದೇಶಗಳಿಗೂ ಹೋದ. ಕೂಲಿ ಕೆಲಸಕ್ಕೆ ಒಮ್ಮೆ ಬಿಲ್ ಆದರೆ ಮುಗಿಯಿತು. ಸ್ವಂತ ಪಾತ್ರ ಹಾಗಲ್ಲ, ಬ್ಯಾಗಿನಲ್ಲಿ, ಬಾಟಲಿಯಲ್ಲಿ, ಸಿನಿಮಾದಲ್ಲಿ ಮತ್ತೆ ಮತ್ತೆ ದುಡಿಯುತ್ತದೆ. ನಮ್ಮ ಲೆಕ್ಕಶಾಸ್ತ್ರದಲ್ಲಿ ಕಣ್ಣಿಗೆ ಕಾಣದ ಆಸ್ತಿ ಎಂದು ಓದುತ್ತೇವಲ್ಲ, ಅದು ಇದೇ.

ಆದರೆ ಸ್ವಂತ ಪಾತ್ರವಿದ್ದರೆ ಎಲ್ಲವೂ ಸರಿಹೋಗುತ್ತದೆ ಎಂದೂ ಹೇಳಲಾರೆ. ಅದೇ ಹೈದರಾಬಾದಿನ ಡಿಕ್ಯೂ ಎಂಟರ್‌ಟೈನ್‌ಮೆಂಟ್ 2010ರಲ್ಲಿ ಷೇರು ಮಾರುಕಟ್ಟೆಗೆ ಬಂದ ಕಂಪನಿ. ಟಿವಿಗಾಗಿ 'ಜಂಗಲ್ ಬುಕ್' ಸರಣಿ ಮಾಡಿತು, ಕೂಲಿ ಕೆಲಸದ ಜೊತೆಗೆ ಸ್ವಂತ ಹಕ್ಕುಗಳಿಗೂ ಕೈಹಾಕಿತು. ಕೊನೆಗೆ ಸಾಲದ ಹೊರೆ ತಾಳಲಾರದೆ ದಿವಾಳಿ ಪ್ರಕ್ರಿಯೆಗೆ ಸಿಕ್ಕಿತು. ಪಾತ್ರ ಜನಪ್ರಿಯವಾಗಲು ವರ್ಷಗಳು ಬೇಕು, ಸಾಲದ ಬಡ್ಡಿ ಅಷ್ಟು ದಿನ ಕಾಯುವುದಿಲ್ಲ. ಆದ್ದರಿಂದ ಹೆಸರು ಯಾರದು ಎಂದು ಕೇಳುವಾಗ, ಅದಕ್ಕೆ ಹಾಕಿದ ದುಡ್ಡು ಯಾರದು ಎಂದೂ ಕೇಳಬೇಕು.

ಪೈಪೋಟಿ ಹೆಚ್ಚಿದ್ದರೆ ನೌಕರನಿಗೆ ಲಾಭ, ಒಬ್ಬರು ಕಡಿಮೆ ಕೊಟ್ಟರೆ ಇನ್ನೊಬ್ಬರ ಹತ್ತಿರ ಹೋಗಬಹುದು ಎಂದು ನಾವು ಅರ್ಥಶಾಸ್ತ್ರದಲ್ಲಿ ಓದುತ್ತೇವೆ. ಅಮೆರಿಕದಲ್ಲಿ ಆದದ್ದೇ ಬೇರೆ. ಪಿಕ್ಸಾರ್, ಲುಕಾಸ್‌ಫಿಲ್ಮ್, ಡ್ರೀಮ್‌ವರ್ಕ್ಸ್ ಮೊದಲಾದ ಸ್ಟುಡಿಯೋಗಳು ಥಿಯೇಟರಿನಲ್ಲಿ ಎದುರಾಳಿಗಳು. ಆದರೆ ಒಬ್ಬರ ಕಲಾವಿದರನ್ನು ಇನ್ನೊಬ್ಬರು ಕರೆಯಬಾರದು ಎಂದು ಒಳಗೊಳಗೇ ಒಪ್ಪಂದ ಮಾಡಿಕೊಂಡು ಸಂಬಳ ಏರದಂತೆ ನೋಡಿಕೊಂಡರು ಎಂದು ಕಲಾವಿದರು ಕೋರ್ಟಿಗೆ ಹೋದರು. ತಪ್ಪು ಒಪ್ಪಿಕೊಳ್ಳದಿದ್ದರೂ ಕಂಪನಿಗಳು ರಾಜಿಗೆ ಬಂದವು. ಡಿಸ್ನಿ, ಪಿಕ್ಸಾರ್, ಲುಕಾಸ್‌ಫಿಲ್ಮ್ ಸೇರಿ 10 ಕೋಟಿ ಡಾಲರ್, ಡ್ರೀಮ್‌ವರ್ಕ್ಸ್ 5 ಕೋಟಿ ಡಾಲರ್. ಸೋನಿ ಮತ್ತು ಬ್ಲೂ ಸ್ಕೈ ಕೊಟ್ಟದ್ದೂ ಸೇರಿದರೆ ಸುಮಾರು 16.9 ಕೋಟಿ ಡಾಲರ್. ಸರಕಿಗೆ ಪೈಪೋಟಿ ಇದ್ದ ಮಾತ್ರಕ್ಕೆ ದುಡಿಯುವವರಿಗೂ ಪೈಪೋಟಿ ಇರುತ್ತದೆ ಎಂದು ನಂಬಬಾರದು.

ನೌಕರರನ್ನು ಚೆನ್ನಾಗಿ ನೋಡಿಕೊಂಡರೆ ಕಂಪನಿ ಸೋಲುತ್ತದೆ ಎಂಬ ಮಾತೂ ಸುಳ್ಳು. 1941ರಲ್ಲಿ ಸಂಘ ಕಟ್ಟಿದ ಕಲಾವಿದರನ್ನು ಡಿಸ್ನಿ ಕೆಲಸದಿಂದ ತೆಗೆದಾಗ ಮುಷ್ಕರ ನಡೆಯಿತು. ಅಲ್ಲಿಂದ ಹೊರಬಿದ್ದ ಕೆಲವರೇ ಮುಂದೆ ಯುಪಿಎ ಎಂಬ ಹೊಸ ಸ್ಟುಡಿಯೋ ಕಟ್ಟಿ ಡಿಸ್ನಿಗೆ ಸವಾಲಾದರು. ಅಸಮಾಧಾನಗೊಂಡ ನೌಕರನೇ ನಾಳಿನ ಎದುರಾಳಿ. ಜಪಾನಿನಲ್ಲಿ ಎಷ್ಟೋ ಕಲಾವಿದರಿಗೆ ಇಂದಿಗೂ ಚಿತ್ರಕ್ಕಿಷ್ಟು ಎಂದು, ನಮ್ಮ ಅಬ್ಬಾನ ನಗದ ಲೆಕ್ಕದಂತೆಯೇ, ಕೂಲಿ ಕೊಡುತ್ತಾರೆ. ಅಲ್ಲಿಯ ಕ್ಯೋಟೋ ಅನಿಮೇಷನ್ ತನ್ನ ಕಲಾವಿದರಿಗೆ ತಿಂಗಳ ಸಂಬಳ ಕೊಟ್ಟಿತು, ತಾನೇ ತರಬೇತಿ ಶಾಲೆ ನಡೆಸಿತು, ತಾನೇ ಕಾದಂಬರಿ ಪ್ರಕಟಿಸಿ ಅವುಗಳಿಂದ ಸರಣಿ ಮಾಡಿತು. ಗುಣಮಟ್ಟಕ್ಕೆ ಅದು ಹೆಸರಾಗಿದೆ.

ಇಷ್ಟು ಓದಿದ ಮೇಲೆ "ಹಾಗಾದ್ರ ಹೋಗೋದೇ ಬ್ಯಾಡೇನು?" ಎಂದು ನನ್ನ ಗೆಳತಿ ಕೇಳಿದಳು. ಹೋಗಬೇಡ ಎಂದು ನಾನು ಹೇಳುತ್ತಿಲ್ಲ. ಈ ಉದ್ಯಮಕ್ಕಾಗಿ ನೀತಿ ತಂದವರಲ್ಲಿ ಕರ್ನಾಟಕವೇ ಮೊದಲು, 2012ರಲ್ಲಿ. 2024ರಿಂದ 2029ರವರೆಗಿನ ಹೊಸ ನೀತಿಯ ಗುರಿ 30,000 ಹೊಸ ಉದ್ಯೋಗ. ಅದನ್ನು ತಂದ ಐಟಿ-ಬಿಟಿ ಸಚಿವರು ನಮ್ಮ ಜಿಲ್ಲೆಯ ಚಿತ್ತಾಪುರದ ಶಾಸಕರೇ. ಆ ಉದ್ಯೋಗಗಳಲ್ಲಿ ಕೆಲವು ನಮ್ಮ ಹುಡುಗಿಯರಿಗೂ ಸಿಗಲಿ, ಸಾಧ್ಯವಾದರೆ ಕಲಬುರಗಿಯಲ್ಲೇ ಸಿಗಲಿ. ಆದರೆ ಉದ್ಯೋಗದ ಸಂಖ್ಯೆಯ ಜೊತೆಗೆ ಉದ್ಯೋಗದ ಗುಣವನ್ನೂ ಕೇಳುವ ಹಕ್ಕು ನಮಗಿದೆ. ರಾತ್ರಿ ಹನ್ನೊಂದರವರೆಗೆ ಕೆಲಸ ಎಂದಾಗ ನಮ್ಮಂಥ ಮನೆಗಳಲ್ಲಿ ಹುಡುಗಿಯರ ಕನಸು ಅಲ್ಲಿಗೇ ನಿಲ್ಲುತ್ತದೆ. ಕೆಲಸದ ವೇಳೆಯ ಪ್ರಶ್ನೆ ನಮಗೆ ಚಿಕ್ಕದಲ್ಲ.

ನಮ್ಮ ಪ್ರಿನ್ಸಿಪಾಲ್ ಸರ್ ಮತ್ತು ಉಪನ್ಯಾಸಕರಲ್ಲಿ ಒಂದು ವಿನಂತಿ. ಇನ್ನು ಮುಂದೆ ಯಾವುದೇ ಕೋರ್ಸಿನವರು ಬಂದರೆ, ಪರದೆ ಹಚ್ಚುವ ಮೊದಲು ನಾಲ್ಕು ಪ್ರಶ್ನೆಗಳಿಗೆ ಬರಹದಲ್ಲಿ ಉತ್ತರ ಕೇಳಿ. ಹೋದ ವರ್ಷ ಕಲಿತು ಮುಗಿಸಿದವರು ಎಷ್ಟು ಜನ, ಅವರಲ್ಲಿ ಈಗಲೂ ಕೆಲಸದಲ್ಲಿರುವವರು ಎಷ್ಟು? ತಿಂಗಳ ಸಂಬಳವೋ, ಮೂರು ತಿಂಗಳ ಒಪ್ಪಂದವೋ? ಹೆಚ್ಚಿನ ಹೊತ್ತು ದುಡಿದರೆ ಹೆಚ್ಚಿನ ಹಣ ಇದೆಯೋ ಇಲ್ಲವೋ? ಮಧ್ಯದಲ್ಲಿ ಬಿಟ್ಟರೆ ಫೀಸು ಎಷ್ಟು ವಾಪಸ್? ಉತ್ತರ ಕೊಡಲು ಹಿಂಜರಿಯುವವರು ನಮ್ಮ ಅಮ್ಮಿಯರ ಬಳೆಗಳ ಆಸೆ ಬಿಡಲಿ.

ವಾಣಿಜ್ಯ ವಿಭಾಗದ ಗೆಳೆಯ ಗೆಳತಿಯರಿಗೂ ಒಂದು ಮಾತು. ಚಿತ್ರ ಬಿಡಿಸಲು ಬಾರದ ನಮಗೆ ಇದರಲ್ಲಿ ಏನು ಕೆಲಸ ಎಂದುಕೊಳ್ಳಬೇಡಿ. ಒಪ್ಪಂದ ಓದುವವರು, ಹಕ್ಕು ನೋಂದಾಯಿಸುವವರು, ಎಷ್ಟಕ್ಕೆ ಒಪ್ಪಿಕೊಂಡರೆ ನಷ್ಟ ಎಂದು ಲೆಕ್ಕ ಹಾಕುವವರು ಇಲ್ಲದೆಯೇ ಎಷ್ಟೋ ಒಳ್ಳೆಯ ಕಲಾವಿದರು ಬೇರೆಯವರ ಲೇಬಲ್ ಹೊಲಿಯುತ್ತಿದ್ದಾರೆ.

ಖಾಲಾ ಅವರ ಮಗ ಈಗ ಊರಲ್ಲೇ ಇದ್ದು ಮದುವೆ ಕಾರ್ಡು, ಅಂಗಡಿಗಳ ಬೋರ್ಡು ಡಿಸೈನ್ ಮಾಡುತ್ತಾರೆ. ಕಳೆದ ವಾರ ಗೆಳತಿಯ ನೋಟ್‌ಬುಕ್ ಅವರಿಗೆ ತೋರಿಸಿದೆ. ಆಟೋ ಓಡಿಸುವ ಆಡಿನ ಚಿತ್ರವನ್ನು ಬಹಳ ಹೊತ್ತು ನೋಡಿದರು. "ಇದಕ್ಕ ಒಂದು ಹೆಸರಿಡಲಿಕ್ಕೆ ಹೇಳು, ಕೆಳಗ ತಾರೀಖು ಹಾಕಿ ಸಹಿ ಮಾಡಲಿ" ಎಂದರು. ಗೆಳತಿ ಸಹಿ ಮಾಡಿದ್ದಾಳೆ, ಹೆಸರು ಇನ್ನೂ ಹುಡುಕುತ್ತಿದ್ದಾಳೆ. ಅವಳ ಅಮ್ಮಿಯ ಬಳೆ ಸದ್ಯಕ್ಕೆ ಕೈಯಲ್ಲೇ ಇವೆ.

— ದ್ವಿತೀಯ ಪಿಯುಸಿ, ವಾಣಿಜ್ಯ ವಿಭಾಗ